ನ್ಯೂಕ್ಲಿಯಸ್ಸೇ ಇಲ್ಲದ ಬ್ಯಾಕ್ಟೀರಿಯಾ ತನ್ನ ಕ್ರೋಮೋಸೋಮನ್ನು ಎರಡು ಮರಿಕೋಶಗಳಿಗೆ ಹೇಗೆ ಹಂಚುತ್ತದೆ?

ಬ್ಯಾಕ್ಟೀರಿಯಾ ಇಡೀ ಡಿಎನ್‌ಎ ನಕಲಾಗುವವರೆಗೆ ಕಾಯುವುದಿಲ್ಲ. ನಕಲು ಶುರುವಾಗುವ ಬಿಂದುವಿನ ಎರಡು ಪ್ರತಿಗಳು ಸಿದ್ಧವಾದ ಸ್ವಲ್ಪ ಹೊತ್ತಿಗೇ ಅವನ್ನು ದೂರ ಸರಿಸತೊಡಗುತ್ತದೆ, ಉಳಿದ ಭಾಗ ನಕಲಾಗುತ್ತಲೇ ಹಿಂಬಾಲಿಸುತ್ತದೆ.

ಸಿಹಿನೀರಿನ ಕಾಲೋಬ್ಯಾಕ್ಟರ್ ಕ್ರೆಸೆಂಟಸ್‌ನಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಸುಮಾರು 40 ಲಕ್ಷ ಅಕ್ಷರಜೋಡಿಗಳಿರುವ ಅದರ ಬಳೆಯಾಕಾರದ ಕ್ರೋಮೋಸೋಮಿನಲ್ಲಿ, ಆರಂಭಬಿಂದುವಿನ ಸಮೀಪದಲ್ಲೇ ಪಾರ್-ಎಸ್ ಎಂಬ ಗುರುತಿನ ತಾಣಗಳಿದ್ದು, ಅಲ್ಲಿ ಪಾರ್-ಬಿ ಎಂಬ ಪ್ರೋಟೀನು ಗುಂಪುಗೂಡುತ್ತದೆ. ಪಾರ್-ಎ ಎಂಬ ಇನ್ನೊಂದು ಪ್ರೋಟೀನು, ಜೀವಕೋಶದ ಇಂಧನವಾದ ಎಟಿಪಿಯನ್ನು ಹಿಡಿದುಕೊಂಡು ಡಿಎನ್‌ಎ ಮೇಲೆ ಹರಡಿರುತ್ತದೆ. ಪಾರ್-ಬಿ ತಾಗಿದಲ್ಲಿ ಎಟಿಪಿ ಒಡೆದು ಪಾರ್-ಎ ಕಳಚಿಕೊಳ್ಳುತ್ತದೆ. ಹಿಂಬದಿ ಹೀಗೆ ಖಾಲಿಯಾಗಿ ಮುಂಬದಿ ದಟ್ಟವಾಗಿಯೇ ಉಳಿಯುವುದರಿಂದ, ಒಂದು ಪ್ರತಿಯ ಮೇಲಿನ ಪಾರ್-ಬಿ ಗುಂಪು ತನಗಂಟಿದ ಡಿಎನ್‌ಎ ಸಮೇತ ಮುಂದಕ್ಕೇ ಸರಿಯುತ್ತಾ ಕೋಶದ ಎದುರಿನ ತುದಿಯನ್ನು ತಲುಪಿ, ಅಲ್ಲಿ ಪಾಪ್-ಝಡ್ ಎಂಬ ಪ್ರೋಟೀನಿನ ಹಿಡಿತಕ್ಕೆ ಸಿಗುತ್ತದೆ. ನಮ್ಮ ಜೀವಕೋಶಗಳಲ್ಲಿರುವಂತೆ ಎಳೆಯುವ ನೂಲುಗಳಿಲ್ಲದೆ, ಬರೀ ಸಾಂದ್ರತೆಯ ವ್ಯತ್ಯಾಸದಿಂದಲೇ ಇಷ್ಟು ಕರಾರುವಾಕ್ಕಾದ ದಿಕ್ಕು ಸಿಗುವುದು ನನಗಂತೂ ಇಂದಿಗೂ ಬೆರಗು.

ಆದರೆ ಈ ವ್ಯವಸ್ಥೆ ಸಾರ್ವತ್ರಿಕವಲ್ಲ. ಇ. ಕೋಲಿಯ ಕ್ರೋಮೋಸೋಮಿಗೆ ಪಾರ್ ಪ್ರೋಟೀನುಗಳೇ ಇಲ್ಲ. ಅಲ್ಲಿ ಡಿಎನ್‌ಎಯನ್ನು ಕುಣಿಕೆಗಳಾಗಿ ಅಡಕಗೊಳಿಸುವ ಮುಕ್-ಬಿ ಪ್ರೋಟೀನು ನೆರವಾಗುತ್ತದೆ, ನಡುಗೋಡೆ ಮುಚ್ಚುವ ಮುನ್ನ ಅಲ್ಲಿ ಉಳಿದಿರುವ ಎಳೆಗಳನ್ನು ಎಫ್‌ಟಿಎಸ್-ಕೆ ಎಂಬ ಪಂಪು ಆಚೀಚೆ ಸಾಗಿಸುತ್ತದೆ.