ಮೊದಲ ವಾರ ತಪ್ಪಿಸಿಕೊಳ್ಳಬಹುದೇ?

(ಪದವಿ ಕಾಲೇಜೊಂದರ ಕಚೇರಿಯಲ್ಲಿ ಅಧೀಕ್ಷಕಿಯಾಗಿದ್ದು ನಿವೃತ್ತರಾಗಿ, ಈಗ ತೀರ್ಥಹಳ್ಳಿಯಲ್ಲಿ ನೆಲೆಸಿರುವ ನಮ್ಮ ಅಂಕಣಗಾರ್ತಿ ಈ ಸಲ ಹೊಸ ವಿದ್ಯಾರ್ಥಿಗಳ ಮತ್ತು ಪೋಷಕರ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಅಕ್ಕಾ, ನಾನು ಹೊಸನಗರ ತಾಲ್ಲೂಕಿನವಳು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಸಮಾಜಶಾಸ್ತ್ರಕ್ಕೆ ಸೇರಿದ್ದೇನೆ. ಮೊದಲ ವಾರ ಹೊಸಬರನ್ನು ಬರಮಾಡಿಕೊಳ್ಳುವ ಇಂಡಕ್ಷನ್ ಕಾರ್ಯಕ್ರಮ ಎಂದು ಮೊಬೈಲ್‌ಗೆ ಸಂದೇಶ ಬಂದಿದೆ. ಹಾಸ್ಟೆಲ್ ಇನ್ನೂ ಸಿಕ್ಕಿಲ್ಲ. ಮನೆಯಲ್ಲಿ ಅಡಿಕೆ ಕೊಯ್ಲು. ಭಾಷಣ ಕೇಳಲು ಅಷ್ಟು ದೂರ ಏಕೆ, ಪಾಠ ಶುರುವಾದ ಮೇಲೆ ಹೋದರಾಯಿತು ಎನ್ನುತ್ತಾರೆ ಅಪ್ಪಯ್ಯ. ಅಲ್ಲಿ ಏನು ನಡೆಯುತ್ತದೆ? ಎಲ್ಲರ ಎದುರು ಇಂಗ್ಲಿಷಿನಲ್ಲಿ ಪರಿಚಯ ಹೇಳಿಸುತ್ತಾರೆಂದು ಗೆಳತಿ ಬೇರೆ ಹೆದರಿಸಿದ್ದಾಳೆ.

ಉತ್ತರ: ಅಪ್ಪಯ್ಯ ಹೇಳಿದ್ದರಲ್ಲಿ ಅರ್ಧ ಸರಿಯಿದೆ, ತಂಗಿ. ಮೊದಲ ದಿನದ ಬೆಳಗ್ಗೆ ಸಾಮಾನ್ಯವಾಗಿ ಎಲ್ಲ ಕಡೆಯೂ ಭಾಷಣವೇ. ದೀಪ ಬೆಳಗಿ, ನಾಡಗೀತೆ ಮುಗಿದು, ವೇದಿಕೆಯ ಮೇಲಿರುವ ಒಬ್ಬೊಬ್ಬರನ್ನೂ ಸ್ವಾಗತಿಸಿ ಹೂಗುಚ್ಛ ಕೊಡುವಷ್ಟರಲ್ಲಿ ಹನ್ನೊಂದು ಗಂಟೆ ದಾಟಿರುತ್ತದೆ. ವಿಶ್ವವಿದ್ಯಾಲಯ 1987ರಲ್ಲಿ ಆರಂಭವಾಯಿತು, ಆವರಣದ ಹೆಸರು ಜ್ಞಾನಸಹ್ಯಾದ್ರಿ ಎಂಬುದನ್ನೆಲ್ಲ ಅಲ್ಲಿ ಕೇಳುತ್ತೀಯೆ. ಈಗ ನಾನೇ ಹೇಳಿಬಿಟ್ಟೆ. ಅಡಿಕೆ ಕೊನೆ ಇಳಿಸುವ ಕೊನೆಗಾರ ಸಿಗುವುದೇ ಕಷ್ಟವಾದ ಈ ಕಾಲದಲ್ಲಿ ಅವನು ಬರುವ ದಿನವೂ ಅದೇ ಆಗಿದ್ದರೆ, ಆ ಒಂದು ಬೆಳಗನ್ನು ಬಿಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ. ಉಳಿದ ದಿನಗಳನ್ನು ಮಾತ್ರ ಬಿಡಬೇಡ.

ಏಕೆಂದರೆ ಸಭಾಂಗಣದಿಂದ ನಿಮ್ಮನ್ನು ವಿಭಾಗಕ್ಕೆ ಕರೆದೊಯ್ದ ಮೇಲೆ ನಡೆಯುವುದೇ ನಿನಗೆ ಬೇಕಾದದ್ದು. ಪಠ್ಯಕ್ರಮ ಕೊಡುತ್ತಾರೆ. ಸೆಮಿಸ್ಟರಿಗೆ ಎಷ್ಟು ಪತ್ರಿಕೆ, ಆಂತರಿಕ ಅಂಕವನ್ನು ಕಿರುಪರೀಕ್ಷೆಗೆಷ್ಟು, ಸೆಮಿನಾರಿಗೆಷ್ಟು, ಹಾಜರಾತಿಗೆಷ್ಟು ಎಂದು ಹಂಚುತ್ತಾರೆ, ಬೇರೆ ವಿಭಾಗದ ಪತ್ರಿಕೆಯನ್ನು ಯಾವ ಸೆಮಿಸ್ಟರಿನಲ್ಲಿ ಆಯ್ದುಕೊಳ್ಳಬೇಕು, ಇವನ್ನು ಬರೆದುಕೊಂಡು ಬಾ. ಉತ್ತರವನ್ನು ಕನ್ನಡದಲ್ಲಿ ಬರೆಯಬಹುದೇ ಎಂಬುದನ್ನು ನೀನಾಗಿ ಕೇಳು. ಕೇಳದಿದ್ದರೆ ಯಾರೂ ಹೇಳದೇ ಹೋಗಬಹುದು. ಹಾಜರಾತಿ ಶೇಕಡಾ 75 ಇರಬೇಕು. ನಾನು ಕಚೇರಿಯ ಕಿಟಕಿಯ ಒಳಗೆ ಕುಳಿತೇ ನೌಕರಿ ಮುಗಿಸಿದವಳು. ಪರೀಕ್ಷೆ ಹತ್ತಿರ ಬಂದಾಗ ಹಾಜರಾತಿ ಕೊರತೆಯ ಪಟ್ಟಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಬರುತ್ತಿದ್ದವರಲ್ಲಿ ತಡವಾಗಿ ಬಂದು ಸೇರಿದವರೇ ಹೆಚ್ಚು. ದಡ್ಡರಲ್ಲ ಅವರು. ನಿಯಮ ಹೇಳಿದ ದಿನ ಊರಿನಲ್ಲಿದ್ದರು, ಅಷ್ಟೇ.

ಇನ್ನೊಂದು ಸಂಗತಿ ಮಾರ್ಗದರ್ಶಕ ಅಧ್ಯಾಪಕರದ್ದು. ವಿಶ್ವವಿದ್ಯಾಲಯ ಅನುದಾನ ಆಯೋಗ 2019ರಲ್ಲಿ ‘ದೀಕ್ಷಾರಂಭ’ ಎಂಬ ಮಾರ್ಗದರ್ಶಿಯನ್ನು ಹೊರತಂದಿತು. ಹೊಸಬರನ್ನು ಸಣ್ಣ ಸಣ್ಣ ಗುಂಪು ಮಾಡಿ ಒಬ್ಬೊಬ್ಬ ಅಧ್ಯಾಪಕರಿಗೆ ಒಪ್ಪಿಸಬೇಕು ಎಂಬುದು ಅದರ ಮುಖ್ಯ ಮಾತುಗಳಲ್ಲಿ ಒಂದು. ಕಾಗದದಲ್ಲಿ ಒಪ್ಪಿಸಿ ಮರೆತುಬಿಡುವ ಕಡೆಗಳೂ ಇವೆ. ಆದ್ದರಿಂದ ನಿನ್ನ ಪಾಲಿಗೆ ಬಂದವರು ಯಾರೆಂದು ತಿಳಿದುಕೊಂಡು, ಅದೇ ವಾರ ಅವರ ಕೊಠಡಿಗೆ ಹೋಗಿ ಹೆಸರು, ಊರು, ಹಾಸ್ಟೆಲ್ ಸಿಗದ ವಿಷಯ ಹೇಳು. ಮುಂದೆ ಜ್ವರ ಬಂದು ಮಲಗಿದಾಗಲೋ ಆಂತರಿಕ ಅಂಕದಲ್ಲಿ ತಪ್ಪಾದಾಗಲೋ ಅಪರಿಚಿತಳಾಗಿ ಬಾಗಿಲಲ್ಲಿ ನಿಲ್ಲುವುದಕ್ಕೂ ಮುಖಪರಿಚಯವಿದ್ದು ನಿಲ್ಲುವುದಕ್ಕೂ ಬಹಳ ವ್ಯತ್ಯಾಸವಿದೆ. ಕಿಟಕಿಯ ಒಳಗಿದ್ದವಳಾಗಿ ಹೇಳುತ್ತಿದ್ದೇನೆ: ನಾವೂ ಮುಖ ನೋಡುತ್ತಿದ್ದೆವು. ನೋಡಬಾರದು, ಆದರೆ ನೋಡುತ್ತಿದ್ದೆವು.

ಗ್ರಂಥಾಲಯ ತೋರಿಸುವ ದಿನ ಅರ್ಧದಷ್ಟು ಜನ ಕ್ಯಾಂಟೀನಿನಲ್ಲಿರುತ್ತಾರೆ. ನೀನು ಹೋಗು. ಪುಸ್ತಕ ಎಷ್ಟು ದಿನಕ್ಕೆ ಕೊಡುತ್ತಾರೆ, ಕಾರ್ಡಿಗೆ ಯಾರ ಸಹಿ ಬೇಕು ಎಂದು ಕೇಳು. ‘ಶೋಧಗಂಗಾ’ ಜಾಲತಾಣವನ್ನು ಹೇಗೆ ಹುಡುಕುವುದೆಂದೂ ತೋರಿಸಿಕೋ. ನಾನಾ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಅಲ್ಲಿ ದುಡ್ಡು ಕೊಡದೆ ಓದಬಹುದು. ಸುತ್ತಲಿನ ಊರು ತೋರಿಸುವುದೂ ದೀಕ್ಷಾರಂಭದ ಭಾಗವೇ. ಭದ್ರಾ ಅಣೆಕಟ್ಟು ಅಲ್ಲಿಂದ ಹತ್ತಿರ. ಕರೆದೊಯ್ದರೆ, ‘ನೋಡಿದ್ದೇನೆ’ ಎಂದು ಕೋಣೆಯಲ್ಲಿ ಕೂರಬೇಡ. ಅಣೆಕಟ್ಟು ಎಲ್ಲಿಗೂ ಹೋಗುವುದಿಲ್ಲ, ನಿಜ. ಆದರೆ ಬಸ್ಸಿನಲ್ಲಿ ನಿನ್ನ ಪಕ್ಕ ಕೂರುವವಳು ಮುಂದೆ ನಿನಗೆ ನೋಟ್ಸ್ ಕೊಡುವವಳು, ಒಟ್ಟಿಗೆ ರೂಮು ಹಿಡಿಯುವವಳು ಆಗಬಹುದು.

ದಾಖಲೆಗಳ ವಿಷಯ ಚುಟುಕಾಗಿ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಫೋಟೊ: ಮೂಲವೂ ಇರಲಿ, ಜೆರಾಕ್ಸೂ ಇರಲಿ. ನೀನು ನಮ್ಮದೇ ಜಿಲ್ಲೆಯ, ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಪದವಿ ಓದಿದ್ದರೆ ವಲಸೆ ಪ್ರಮಾಣಪತ್ರದ ಗೊಡವೆಯಿಲ್ಲ. ದಾವಣಗೆರೆಯಿಂದ ಬರುವವರಿಗೆ ಬೇಕಾಗುತ್ತದೆ. 2009ರಿಂದ ಅವರದ್ದು ಬೇರೆ ವಿಶ್ವವಿದ್ಯಾಲಯ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಇನಿಶಿಯಲ್ ಇದೆಯೇ ಎಂದು ಇವತ್ತೇ ನೋಡು. ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಅಲ್ಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು.

ಹೊಸನಗರದಿಂದ ದಿನಾ ಓಡಾಡುವುದು ಆಗದ ಮಾತು. ಶಿವಮೊಗ್ಗದಿಂದಲೇ ಶಂಕರಘಟ್ಟಕ್ಕೆ ಸುಮಾರು 28 ಕಿಲೋಮೀಟರ್ ಇದೆ. ಭದ್ರಾವತಿಯಲ್ಲೋ ಶಿವಮೊಗ್ಗದಲ್ಲೋ ನೆಂಟರ ಮನೆಯಿದ್ದರೆ ಆ ವಾರ ಅಲ್ಲಿರು. ಶಕ್ತಿ ಯೋಜನೆ ಇದೆಯೆಂದು ದುಡ್ಡಿಲ್ಲದೆ ಹೊರಡಬೇಡ, ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಮೊದಲು ಬರುವ ಬಸ್ಸು ಯಾವುದೆಂದು ನಿನಗೇ ಗೊತ್ತು.

ಪರಿಚಯ ಕನ್ನಡದಲ್ಲೇ ಹೇಳು. ಹೆಸರು, ಊರು, ಓದಿದ ಕಾಲೇಜು, ಈ ವಿಷಯ ಏಕೆ ಆರಿಸಿಕೊಂಡೆ. ಕುವೆಂಪು ಹೆಸರಿನ ವಿಶ್ವವಿದ್ಯಾಲಯದಲ್ಲಿ ಕನ್ನಡ ಮಾತನಾಡಲು ಅಪ್ಪಣೆ ಕೇಳಬೇಕಾಗಿಲ್ಲ. ನಿನ್ನ ಗೆಳತಿ ತಾನು ಹೆದರಿದ್ದನ್ನು ನಿನಗೆ ದಾಟಿಸಿದ್ದಾಳೆ ಎಂದು ನನ್ನ ಗುಮಾನಿ.

ಪ್ರಶ್ನೆ: ಮಗ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಸೇರಿದ್ದಾನೆ. ಮೂರು ವಾರ ಇಂಡಕ್ಷನ್ ಅಂತೆ. ಯೋಗ, ಹಾಡು, ಚಿತ್ರ ಬರೆಯುವುದು, ಮೌಲ್ಯಗಳ ಬಗ್ಗೆ ಚರ್ಚೆ! ಇದಕ್ಕೇ ನಾವು ಶುಲ್ಕ ಕಟ್ಟಿದ್ದೇ? — ಸಾಗರದ ತಾಯಿ

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಅದು ಕಾಲೇಜಿನವರು ಕಾಲಹರಣಕ್ಕೆ ಕಟ್ಟಿಕೊಂಡದ್ದಲ್ಲ. ಎಂಜಿನಿಯರಿಂಗ್ ಕಾಲೇಜುಗಳಿಗೆ ಮೂರು ವಾರದ ಕಾರ್ಯಕ್ರಮವನ್ನು ಗೊತ್ತುಮಾಡಿದ್ದು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ. ಅದಕ್ಕೂ ಮೊದಲು 2016ರಲ್ಲಿ ವಾರಾಣಸಿಯ ಐಐಟಿ ಒಂದು ತಿಂಗಳು ಹೀಗೆ ಮಾಡಿ ನೋಡಿತ್ತು. ಪಿಯುಸಿಯ ಎರಡು ವರ್ಷ ಸಿಇಟಿ ಎಂದು ಬೆಳಗಿನ ಜಾವದ ಟ್ಯೂಷನ್ನಿಗೆ ನಾವೇ ಎಬ್ಬಿಸಿ ಕಳಿಸಿದ ಹುಡುಗ ಅವನು. ಅಕ್ಕಪಕ್ಕದವರನ್ನು ಪ್ರತಿಸ್ಪರ್ಧಿಗಳೆಂದು ನೋಡಿ ನೋಡಿ ಅಭ್ಯಾಸವಾಗಿದೆ. ಆ ಅಭ್ಯಾಸ ಬಿಡಿಸಲು ಮೂರು ವಾರ ಹೆಚ್ಚೇನಲ್ಲ. ಕೆಲವು ಕಡೆ ಇದು ಸರಿಯಾಗಿ ನಡೆಯುವುದಿಲ್ಲ, ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಿ ವಿಡಿಯೊ ಹಾಕಿ ಹೋಗಿಬಿಡುತ್ತಾರೆ ಎಂಬುದನ್ನೂ ಒಪ್ಪುತ್ತೇನೆ. ಹಾಗಾದರೆ ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿ. ಮಗನನ್ನು ಮಾತ್ರ ‘ಪಾಠ ಶುರುವಾಯಿತೇ’ ಎಂದು ಪ್ರತಿ ರಾತ್ರಿ ಫೋನಿನಲ್ಲಿ ಕಾಡಬೇಡಿ. ‘ಇವತ್ತು ಯಾರ ಜೊತೆ ಊಟ ಮಾಡಿದೆ?’ ಎಂದು ಕೇಳಿ.

ಪ್ರಶ್ನೆ: ಹಾಸ್ಟೆಲಿನ ಸೀನಿಯರ್‌ಗಳು ರಾತ್ರಿ ಕರೆದು ‘ಇಂಟ್ರೊ’ ಕೊಡು ಎನ್ನುತ್ತಾರೆ. ನನ್ನ ಹಳ್ಳಿಯ ಮಾತನ್ನು ಅಣಕಿಸಿ ನಗುತ್ತಾರೆ. ಇದು ರ್‍ಯಾಗಿಂಗ್ ಆಗುತ್ತದೆಯೇ, ನಾನೇ ಅತಿ ಮಾಡುತ್ತಿದ್ದೇನೆಯೇ? — ಶೃಂಗೇರಿ ಕಡೆಯ ಹುಡುಗ

ಉತ್ತರ: ಅತಿ ಮಾಡುತ್ತಿಲ್ಲ, ತಮ್ಮಾ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ರ್‍ಯಾಗಿಂಗ್ ತಡೆ ನಿಯಮಕ್ಕೆ 2016ರಲ್ಲಿ ತಿದ್ದುಪಡಿ ಬಂತು. ಜಾತಿ, ಬಣ್ಣ, ಭಾಷೆ, ಊರು, ಬಡತನ ಹಿಡಿದು ಹಿಂಸಿಸುವುದೂ ರ್‍ಯಾಗಿಂಗ್ ಎಂದು ಅದರಲ್ಲಿ ಬಿಡಿಸಿ ಹೇಳಿದ್ದಾರೆ. ರ್‍ಯಾಗಿಂಗ್ ಮಾಡುವುದಿಲ್ಲವೆಂದು ನೀನೂ ಮನೆಯವರೂ ಮುಚ್ಚಳಿಕೆ ಕೊಟ್ಟಿರಬೇಕಲ್ಲ, ಆ ಸೀನಿಯರ್‌ಗಳೂ ಅದನ್ನೇ ಕೊಟ್ಟಿರಬೇಕು. ಕರೆದವರ ಹೆಸರು, ದಿನ, ಸಮಯ ಬರೆದಿಡು. ಸಂದೇಶ ಕಳಿಸಿದ್ದರೆ ಅಳಿಸಬೇಡ. ವಾರ್ಡನ್ ಅವರಿಗೆ ಬರವಣಿಗೆಯಲ್ಲಿ ಕೊಟ್ಟು ಪ್ರತಿಯ ಮೇಲೆ ಸಹಿ ಪಡೆದುಕೋ. ಅಲ್ಲಿ ಏನೋ ಹೇಳಿ ಸಾಗಹಾಕಿದರೆ ರ್‍ಯಾಗಿಂಗ್ ತಡೆ ಸಹಾಯವಾಣಿ 1800-180-5522ಕ್ಕೆ ಕರೆ ಮಾಡು. ರಾತ್ರಿಯೂ ಎತ್ತುತ್ತಾರೆ, ಕರೆಗೆ ದುಡ್ಡಿಲ್ಲ.