ಮೋಟರ್ ಸರಿ ಇದೆ, ಸ್ಟಾರ್ಟರ್ ಹೋಗಿದೆ

ತಲೆಗೆ ಪೆಟ್ಟು ಬಿದ್ದು ವಾಸಿಯಾಗಿ ಬಂದವರನ್ನು "ಸೋಮಾರಿ ಆಗ್ಬಿಟ್ಟಿದ್ದಾನೆ" ಎಂದು ನನ್ನ ಹತ್ತಿರ ಕರೆತರುವ ಮನೆಯವರು ಜಾಸ್ತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ತೀರ್ಥಹಳ್ಳಿ ಕಡೆಯವರು, ವಯಸ್ಸು 36. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮಳೆಗಾಲದಲ್ಲಿ ಬೈಕ್ ಜಾರಿ ಬಿದ್ದರು. ಆರು ತಿಂಗಳಾದ ಮೇಲೆ ನಡೆಯುತ್ತಾರೆ, ಮಾತಾಡುತ್ತಾರೆ, ಆದರೆ ಬೆಳಗ್ಗೆ ಜಗಲಿಯಲ್ಲಿ ಕೂತರೆ ಊಟದ ಹೊತ್ತಿನವರೆಗೂ ಅಲ್ಲೇ.

ಎರಡನೇ ಭೇಟಿಯಲ್ಲಿ ತಾಯಿ ಅತ್ತರು. "ಸ್ನಾನಕ್ಕೂ ಹತ್ತು ಸಲ ಹೇಳ್ಬೇಕು. ಬೇಕಂತಲೇ ಮಾಡ್ತಾನೆ." ನಾನು ಮಗನನ್ನೇ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಹೆಂಡತಿ ಉತ್ತರ ಹೇಳಲು ಹೊರಟಾಗ ಕೈಸನ್ನೆಯಲ್ಲೇ ತಡೆದೆ. ಆಮೇಲೆ ಅವರೇ ಹೇಳಿದರು: "ತೋಟದ ಪಂಪ್‌ಸೆಟ್ ಇದ್ದಂಗೆ ಮೇಡಂ. ಮೋಟರ್ ಸರಿ ಇದೆ, ಸ್ಟಾರ್ಟರ್ ಹೋಗಿದೆ."

ತಾಯಿ ಕೇಳಿದರು, "ಹಂಗಾದ್ರೆ ನಾ ಇಷ್ಟು ದಿನ ಬೈದಿದ್ದು?"

ಮೆದುಳಿನ ಮುಂಭಾಗಕ್ಕೆ ಪೆಟ್ಟಾದರೆ ಹೀಗಾಗಬಹುದು. ಏನು ಮಾಡಬೇಕೆಂದು ಗೊತ್ತಿರುತ್ತದೆ, ಶುರು ಮಾಡಲು ಆಗುವುದಿಲ್ಲ. ಬೈದರೆ ಅದು ವಾಸಿಯಾಗುವುದಿಲ್ಲ, ನನ್ನೊಬ್ಬಳ ಮಾತಿನಿಂದಲೂ ಆಗುವುದಿಲ್ಲ. ಫಿಸಿಯೋ, ದಿನದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್, ಸ್ಪೀಚ್ ಥೆರಪಿಸ್ಟ್, ಮನಃಶಾಸ್ತ್ರಜ್ಞರು, ಡಾಕ್ಟರ್, ಮನೆಯವರು ಎಲ್ಲ ಒಂದೇ ಗುರಿ ಇಟ್ಟುಕೊಂಡು ಕೆಲಸ ಮಾಡಬೇಕು. 16ರಿಂದ 65 ವರ್ಷದವರ ಬಗ್ಗೆ ನಡೆದ 19 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಸಂಸ್ಥೆಯ 2015ರ ವಿಮರ್ಶೆಯೂ, ಪೆಟ್ಟು ಜೋರಾಗಿದ್ದವರಿಗೆ ಇಂಥ ತಂಡದ ತರಬೇತಿ ಹೆಚ್ಚು ಸಿಕ್ಕಷ್ಟೂ ಬೇಗ ಚೇತರಿಕೆ ಕಾಣುತ್ತದೆ ಎನ್ನುತ್ತದೆ.

ಮೊದಲು ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗಕ್ಕೆ ಕಳಿಸಿದೆ. "ನಡೆದಾಡೋನನ್ನ ಯಾಕೆ ಅಲೆದಾಡಿಸ್ತೀರಿ?" ಎಂದು ಅವರ ಅಣ್ಣ ಫೋನ್ ಮಾಡಿ ರೇಗಿದರು. ನಡೆಯುತ್ತಾರೆ ಎನ್ನುವ ಕಾರಣಕ್ಕೇ ಇವರನ್ನು ಆರು ತಿಂಗಳು ಯಾರೂ ಗಮನಿಸಿರಲಿಲ್ಲ ಅಲ್ವಾ? ನನ್ನ ಸಲಹೆ ತಪ್ಪು ಅಂತ ಇವತ್ತಿಗೂ ಅನಿಸಿಲ್ಲ.

ಊರಿಗೆ ಬಂದ ಮೇಲೆ ಎಲ್ಲರೂ ಒಂದೇ ಕಡೆ ಸಿಗುವುದಿಲ್ಲವಲ್ಲ, ಅದಕ್ಕೆ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಡಿಸಿದೆ. ಯಾರ ಹತ್ತಿರ ಹೋದರೂ ಅವರು ಅದರಲ್ಲೇ ಬರೆಯಬೇಕು, ಮನೆಯವರೂ ಬರೆಯಬೇಕು. ಮೊದಲ ಪುಟದಲ್ಲಿ ಗುರಿಯನ್ನು ಅವರೇ ಬರೆದರು: "ಮಂಡಿಗೆ ಹೋಗಬೇಕು." ಸ್ನಾನಕ್ಕೆ, ತಿಂಡಿಗೆ, ಬಸ್ಸಿಗೆ ಫೋನಿನಲ್ಲಿ ಅಲಾರಂ ಇಟ್ಟರು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮಧ್ಯಾಹ್ನ ಮಲಗಲು ಬಿಡಿ ಎಂದು ಮನೆಯವರಿಗೆ ಹೇಳಿದೆ. ಆಯಾಸ ಈ ಪೆಟ್ಟಿನ ಭಾಗವೇ.

ಈಗ ವಾರಕ್ಕೆ ಮೂರು ದಿನ, ಅರ್ಧ ದಿನ ಮಂಡಿಗೆ ಹೋಗುತ್ತಾರೆ. ಅವರ ಲೆಕ್ಕವನ್ನು ಇನ್ನೊಬ್ಬರು ನೋಡುತ್ತಾರೆ. ಹೋದ ತಿಂಗಳ ಪುಟದಲ್ಲಿ ತಾಯಿ ಬರೆದಿದ್ದರು: "ಇವತ್ತು ಅಲಾರಂ ಹೊಡೆಯೋ ಮೊದಲೇ ಎದ್ದ."