ಮನೆಯವರ ಮಾತು ಕೇಳದಿದ್ದರೆ ಮನೆ ಬಿಟ್ಟ ಹಾಗೇನಾ?

ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಉಡುಪಿಯ ಮನೆಯಲ್ಲಿ ಬೇಡ ಅಂತಿದ್ದಾರೆ, ನನ್ನಿಷ್ಟದಂತೆ ಹೋದರೆ ನಮ್ಮವರಿಗೆ ಹೊರಗಿನವನಾಗುತ್ತೇನಾ ಅಂತ ಕೇಳಿದ್ದೀರಿ. ಆಗಬೇಕಿಲ್ಲ. ನಮ್ಮ ಮನೆಯಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ನಮ್ಮದು ಕಾಪು ಕಡೆಯ ಅಳಿಯಸಂತಾನದ ಮನೆ. ಅಂದರೆ ಆಸ್ತಿ ತಾಯಿಯ ಕಡೆಯಿಂದ ಬರುತ್ತಿತ್ತು. ಅಜ್ಜಿಗೆ ಗಂಡನ ಮನೆ ಸರಿಬರಲಿಲ್ಲ. ಇಬ್ಬರು ಮಕ್ಕಳನ್ನು ಕರೆದುಕೊಂಡು ವಾಪಸ್ ಬಂದರು. ಜಾಗ ಕೊಡಿ ಅಂತ ಯಾರನ್ನೂ ಬೇಡಲಿಲ್ಲ. ಕುಟುಂಬದ ಮನೆ ಅವರದ್ದೂ ಆಗಿತ್ತು, ಮಕ್ಕಳೂ ಅದೇ ಕುಟುಂಬದವರು. ಬೆನ್ನ ಹಿಂದೆ ಮನೆಯೊಂದು ಇದ್ದದ್ದರಿಂದಲೇ ಹೊರಟು ಬರುವ ಧೈರ್ಯ ಬಂತು ಅಂತ ಅಜ್ಜಿ ಹೇಳುತ್ತಿದ್ದರು.

ಅದೇ ಮನೆಯಲ್ಲಿ ಯಜಮಾನರ ಮಾತೇ ಕೊನೆ. ಎಲ್ಲರೂ ಒಪ್ಪದೆ ಪಾಲು ಕೇಳುವಂತಿರಲಿಲ್ಲ. ಅಜ್ಜಿಯ ತಮ್ಮನಿಗೆ ಮುಂಬೈಗೆ ಹೋಗಿ ಹೋಟೆಲ್ ಇಡುವ ಆಸೆ. ಗದ್ದೆಗೆ ಜನ ಬೇಕು ಅಂತ ಬಿಡಲೇ ಇಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರಿಗೆ, ಅಂದರೆ ಒಂದು ತಾಯಿಯ ಕವಲಿಗೆ, ಪಾಲು ಕೇಳುವ ಹಕ್ಕು ಸಿಕ್ಕಿತು. ನಮ್ಮ ಮನೆಯೂ ಪಾಲಾಯಿತು. ಕುಟುಂಬ ಮುಗಿಯಿತು ಅಂತ ಊರವರು ಮಾತಾಡಿಕೊಂಡರಂತೆ. ಈಗಲೂ ತಂಬಿಲ, ಅಂದರೆ ಮನೆಯ ದೈವಕ್ಕೆ ಕೊಡುವ ಪೂಜೆ, ಇದೆ ಅಂದರೆ ಮುಂಬೈಯಿಂದ ಜನ ಬರುತ್ತಾರೆ. ವಂತಿಗೆ ಕೊಡುತ್ತಾರೆ, ಚಪ್ಪರ ಹಾಕುತ್ತಾರೆ, ಒಟ್ಟಿಗೆ ಕೂತು ಉಣ್ಣುತ್ತಾರೆ.

ನಾನು ಬೇರೆ ಜಾತಿಯವರನ್ನು ಮದುವೆಯಾದೆ. ದೊಡ್ಡ ಸೋದರಮಾವ ಎರಡು ವರ್ಷ ಮಾತು ಬಿಟ್ಟರು. ತಂಬಿಲಕ್ಕೆ ಕರೆಯಲಿಲ್ಲ. ಸುಮ್ನೆ ಹೋದೆ, ಅದು ನನ್ನ ಮನೆಯೂ ಹೌದಲ್ವಾ? ಹಿಂದಿನ ಜಗಲಿಯಲ್ಲಿ ಕೂತು ಕಾಯಿ ತುರಿದೆ, ಪಾತ್ರೆ ತೊಳೆದೆ. ಮದುವೆಗಾಗಿ ಕ್ಷಮೆ ಮಾತ್ರ ಕೇಳಲಿಲ್ಲ. ಮೂರನೇ ವರ್ಷ ನನ್ನ ಗಂಡನಿಗೆ ಮಾವ ತಮ್ಮ ಪಕ್ಕದಲ್ಲೇ ಎಲೆ ಹಾಕಿಸಿದರು. ಆ ದಿನ ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಅವರ ಜಾತಿಯವರೇ ಬಹಿಷ್ಕಾರ ಹಾಕಿದರು. ಅವರು ಶಾಲೆ ಮುಚ್ಚಲಿಲ್ಲ. ಮಕ್ಕಳನ್ನು ಬಿಟ್ಟು ಬಾ ಅನ್ನುವ ಜಾತಿಯೊಳಗೆ ಉಳಿದು ಏನು ಮಾಡುವುದು? ಇವತ್ತು ಊರಿನ ಪುರಭವನಕ್ಕೆ ಅವರ ಹೆಸರಿದೆ.

ನಿಮ್ಮ ಮನೆಯವರದ್ದು ಅಂಥ ಹಟ ಅಂತ ನಿಮ್ಮ ಪ್ರಶ್ನೆ ಓದಿ ನನಗನಿಸಲಿಲ್ಲ. ಮಗ ದೂರವಾಗುತ್ತಾನೆ ಅನ್ನುವ ಹೆದರಿಕೆಯೇ ಜಾಸ್ತಿ ಕಾಣುತ್ತದೆ. ಎಲ್ಲರೂ ಒಪ್ಪಲಿ ಅಂತ ಕಾಯಬೇಡಿ, ಕೆಲಸಕ್ಕೆ ಸೇರಿ. ಹೊರಡುವ ಮೊದಲು ಊರಿನ ದೈವದ ಮುಂದಿನ ನೇಮ, ಅಂದರೆ ಕೋಲ, ಯಾವತ್ತು ಅಂತ ಅಮ್ಮನನ್ನು ಕೇಳಿ, ಅವರ ಎದುರಿಗೇ ಬಸ್ಸಿನ ಟಿಕೆಟ್ ಮಾಡಿಸಿ.